ಮೋಸ ಮಾಡಬೇಕಾದವನು ಕೊಲೆಗಾರ: ಒಂದು ಪತ್ತೇದಾರಿ ಗೇಮಿನ ಎರಡನೇ ಭಾಗ ಆಟಗಾರರಿಗೆ ಯಾಕೆ ಹಿಡಿಸಲಿಲ್ಲ

ಪತ್ತೇದಾರಿ ಗೇಮಿನ ಎರಡನೇ ಭಾಗ ಸೋತಾಗ ಜನ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಕೊಲೆಗಾರ ಯಾರು ಅಂತ ಅರ್ಧ ದಾರಿಯಲ್ಲೇ ಗೊತ್ತಾಗಿಬಿಟ್ಟಿತು ಅನ್ನುವುದು ಒಂದು. ಕೊನೆಗೆ ಕಥೆಗೆ ಸಂಬಂಧವೇ ಇಲ್ಲದವನನ್ನು ತಂದು ನಿಲ್ಲಿಸಿದರು ಅನ್ನುವುದು ಇನ್ನೊಂದು. ನಾನಿಲ್ಲಿ ಬರೆಯುತ್ತಿರುವ ಆಟದಲ್ಲಿ ಎರಡೂ ಆಗಲಿಲ್ಲ. ಕೊಲೆಗಾರನದು ಗಟ್ಟಿ ಪಾತ್ರ. ಕೊಲೆಯ ಕಾರಣ ಒಪ್ಪುವಂಥದ್ದು. ಸುಳಿವುಗಳೂ ಬೇಕಾದಷ್ಟಿದ್ದವು. ಆದರೂ ಆಟ ಮುಗಿಸಿದವರು ಸಿಟ್ಟಾದರು. ಅದರಲ್ಲೂ ಮೊದಲ ಭಾಗವನ್ನು ಕಂಡಕಂಡವರಿಗೆಲ್ಲ ಆಡಿ ಆಡಿ ಅಂತ ಹೇಳಿದ್ದವರೇ ಜಾಸ್ತಿ ಸಿಟ್ಟಾದರು.

ಯಾಕೆ ಹೀಗಾಯಿತು ಎಂದು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ನಾನು ಆ ತಂಡದವನಲ್ಲ. ಎರಡನೇ ಭಾಗದ ಪ್ಲೇಟೆಸ್ಟ್, ಅಂದರೆ ಬಿಡುಗಡೆಗೆ ಮುಂಚೆ ಜನರಿಂದ ಆಡಿಸಿ ನೋಡುವ ಪರೀಕ್ಷೆ, ನಡೆಯುವಾಗ ಆಟಗಾರರ ಹಿಂದೆ ಕೂತು, ಅವರು ಎಲ್ಲಿ ನಿಲ್ಲುತ್ತಾರೆ, ಏನು ಗೊಣಗುತ್ತಾರೆ ಎಂದು ಬರೆದುಕೊಡುವ ಕೆಲಸ ನನ್ನದು. ಬಿಡುಗಡೆಯಾದ ಮೇಲೆ ತಂಡದವರ ಜೊತೆ ಕೂತು ಮಾತಾಡಿದ್ದೂ ಉಂಟು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆಟದ ಹೆಸರು, ಸ್ಟುಡಿಯೊ, ಪ್ರಕಾಶಕರು ಯಾರ ಗುರುತೂ ಸಿಗಬಾರದು ಎಂದು ಕಥೆಯ ಜಾಗ, ಪಾತ್ರಗಳ ಕಸುಬು, ಸುಳಿವುಗಳ ರೂಪ ಎಲ್ಲವನ್ನೂ ಬದಲಾಯಿಸಿದ್ದೇನೆ. ತಂಡದವರು ತೆಗೆದುಕೊಂಡ ತೀರ್ಮಾನಗಳು, ಅವುಗಳ ಪರಿಣಾಮ ಮಾತ್ರ ಇದ್ದ ಹಾಗೇ ಇವೆ.

ಮೊದಲ ಭಾಗ ಕೊಟ್ಟ ಮಾತು

ಮೊದಲ ಭಾಗ ಮಾಡಿದ್ದು ಬೆರಳೆಣಿಕೆಯ ಜನ. ಹೊರಗಿನ ಸಂಪರ್ಕ ಕಡಿದುಹೋದ ಒಂದು ಹಳೆಯ ಆರೋಗ್ಯಧಾಮ. ಅಲ್ಲಿ ಒಂದು ಸಾವು. ಒಳಗಿದ್ದವರಲ್ಲೇ ಒಬ್ಬ ಕೊಲೆಗಾರ. ಕಥೆಯೆಲ್ಲ ಒಂದೇ ರಾತ್ರಿಯದು. ಇದರಲ್ಲಿ ಹೊಸದೇನೂ ಇಲ್ಲ ಅಲ್ವಾ? ಹೊಸದಿದ್ದದ್ದು ಆಟಗಾರನ ಕೈಗೆ ಕೊಟ್ಟ ನೋಟ್‌ಬುಕ್ಕಿನಲ್ಲಿ.

ಯಾರು ಏನು ಹೇಳಿದರು, ಎಲ್ಲಿ ಹೇಳಿದರು, ಯಾವ ತಾರೀಖು, ಎಷ್ಟು ಗಂಟೆ ಎಂದು ಆ ನೋಟ್‌ಬುಕ್ ತಾನೇ ಬರೆದುಕೊಳ್ಳುತ್ತಿತ್ತು. ಅಷ್ಟೇ. ಇವನ ಮಾತಿಗೂ ಅವಳ ಮಾತಿಗೂ ತಾಳೆಯಾಗುವುದಿಲ್ಲ ಎಂದು ಅದು ಹೇಳುತ್ತಿರಲಿಲ್ಲ. ಅದನ್ನು ಕಂಡುಹಿಡಿಯುವುದು ಆಟಗಾರನ ಕೆಲಸ. ಕೊನೆಗೆ ಯಾರು, ಯಾಕೆ, ಯಾವುದರಿಂದ, ಯಾವಾಗ ಎಂಬ ಎಲ್ಲ ಖಾಲಿ ಜಾಗಗಳನ್ನೂ ತುಂಬಬೇಕು. ಎಲ್ಲವೂ ಸರಿ ಇದ್ದರೆ ಮಾತ್ರ ಆಟ ಮುಂದೆ ಹೋಗುತ್ತಿತ್ತು. ಒಂದು ತಪ್ಪಿದ್ದರೂ ಸುಮ್ನೆ ಇರುತ್ತಿತ್ತು.

ಈ ಮೌನಕ್ಕೆ ಎಷ್ಟು ಬೆಲೆ ಇದೆ ಅಂತ ಈ ಬಗೆಯ ಆಟ ಆಡಿದವರಿಗೆ ಗೊತ್ತು. 2018ರಲ್ಲಿ ಲ್ಯೂಕಸ್ ಪೋಪ್ ಮಾಡಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಟದಲ್ಲಿ ಹಡಗಿನ 60 ಜನರಿಗೆ ಏನಾಯಿತು ಎಂದು ಪತ್ತೆ ಮಾಡಬೇಕು. ಒಂದೊಂದು ಉತ್ತರಕ್ಕೂ ಅದು ಸರಿ ಅನ್ನುವುದಿಲ್ಲ. ಮೂವರ ಗತಿ ಸರಿಯಾಗಿ ಬರೆದಾಗ ಆ ಮೂರನ್ನೂ ಒಟ್ಟಿಗೆ ಖಚಿತ ಮಾಡುತ್ತದೆ. 2022ರ ‘ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್’ ಆಟದಲ್ಲಿ ವಾಕ್ಯಗಳ ಖಾಲಿ ಜಾಗಕ್ಕೆ ಪದ ಹಾಕಬೇಕು. ತಪ್ಪು ಎರಡಕ್ಕಿಂತ ಹೆಚ್ಚಿಲ್ಲದಿದ್ದರೆ ಅಷ್ಟನ್ನು ಮಾತ್ರ ತಿಳಿಸುತ್ತದೆ. ಯಾವುದು ತಪ್ಪು ಎಂದು ಬಾಯಿ ಬಿಡುವುದಿಲ್ಲ. ಉತ್ತರ ಖಚಿತವಾಗುವುದು ತಡವಾದಷ್ಟೂ ಆಟಗಾರ ತನ್ನ ತಲೆಯನ್ನೇ ನಂಬಬೇಕಾಗುತ್ತದೆ. ಈ ಆಟಗಳ ಮಜಾ ಇರುವುದೇ ಅಲ್ಲಿ.

ಮೊದಲ ಭಾಗ ಬಾಯಿಂದ ಬಾಯಿಗೆ ಹಬ್ಬಿತು. ಜನ ಹಾಳೆ ತೆಗೆದುಕೊಂಡು ಗಂಟೆ ಗಂಟೆಯ ಪಟ್ಟಿ ಹಾಕಿಕೊಂಡು ಆಡಿದರು. ಗಮನವಿಟ್ಟು ನೋಡಿದರೆ ನಿಮಗೆ ಸಿಗುತ್ತದೆ, ಪತ್ತೇದಾರನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ ಎಂದು ಆ ಆಟ ಆಡಿಸುತ್ತಲೇ ಒಂದು ಮಾತು ಕೊಟ್ಟಿತ್ತು. ಎರಡನೇ ಭಾಗಕ್ಕೆ ಕಾದವರು ಕಾದದ್ದು ಆ ಮಾತಿಗಾಗಿ.

ಎರಡನೇ ಭಾಗದ ಯೋಜನೆ

ಮೊದಲ ಭಾಗ ಗೆದ್ದಿದ್ದರಿಂದ ದೊಡ್ಡ ಪ್ರಕಾಶಕರು ಬಂದರು. ದುಡ್ಡು ಬಂತು, ತಂಡ ಬೆಳೆಯಿತು, ಪಾತ್ರಗಳಿಗೆ ಪೂರ್ತಿ ದನಿ ಕೊಡುವುದು ಎಂದಾಯಿತು. ಜೊತೆಗೆ ಒಂದು ಷರತ್ತೂ ಬಂತು. ಮೊದಲ ಭಾಗ ಆಡದವರೂ ಇದನ್ನು ಆಡುವಂತಿರಬೇಕು, ಮೊದಲ ಭಾಗದ ಕೊಲೆಗಾರನ ಹೆಸರು ಎಲ್ಲೂ ಬರಬಾರದು.

ವ್ಯಾಪಾರದ ಲೆಕ್ಕದಲ್ಲಿ ಇದು ಸರಿಯೇ. ಹೊಸಬರು ಎರಡನೆಯದನ್ನು ಆಡಿ ಮೆಚ್ಚಿದರೆ ಮೊದಲನೆಯದನ್ನೂ ಕೊಳ್ಳುತ್ತಾರೆ. ಆದರೆ ಕಥೆಯ ಮೇಲೆ ಇದು ಏನು ಮಾಡಿತು ಎಂದು ನೋಡಿ. ಮೊದಲ ಭಾಗದ ನರ್ಸ್ ಒಬ್ಬಳು ಎರಡನೇ ಭಾಗದಲ್ಲೂ ಬರುತ್ತಾಳೆ. ಆ ರಾತ್ರಿ ಅವಳ ತಮ್ಮ ಸತ್ತಿದ್ದ. ಅವನನ್ನು ಕೊಂದವನನ್ನು ಹಿಡಿದುಕೊಟ್ಟದ್ದು ಮೊದಲ ಭಾಗದ ನಾಯಕನಾದ ಹಿರಿಯ ಪತ್ತೇದಾರನೇ. ಎರಡನೇ ಭಾಗದಲ್ಲೂ ಅವನಿದ್ದಾನೆ. ಅದಾದ ಮೇಲೆ ಇಬ್ಬರೂ ಮೊದಲ ಸಲ ಎದುರಾಗುತ್ತಾರೆ. ‘ಹೇಗಿದ್ದೀರಿ?’ ‘ನಡೀತಾ ಇದೆ.’ ‘ಕೆಲಸ ಜಾಸ್ತಿಯಾ?’ ‘ಹೌದು, ಸ್ವಲ್ಪ.’ ಮಾತು ಮುಗಿಯಿತು. ಹಳಬರು ಈ ದೃಶ್ಯದ ಮುಂದೆ ಸುಮ್ಮನೆ ಕೂತುಬಿಡುವುದನ್ನು ಪ್ಲೇಟೆಸ್ಟಿನಲ್ಲಿ ಮತ್ತೆ ಮತ್ತೆ ನೋಡಿದೆ. ಹೊಸಬರಿಗೆ ಅಲ್ಲಿ ಏನೂ ಅನ್ನಿಸಲಿಲ್ಲ. ಅವರಿಗೆ ಏನೂ ಅನ್ನಿಸಬಾರದು ಅಂತಲೇ ಅದನ್ನು ಹಾಗೆ ಬರೆದದ್ದು.

ಆದರೂ ಈ ಷರತ್ತು ಒಂದೇ ಆಗಿದ್ದರೆ ಜನ ಗೊಣಗಿ ಸುಮ್ಮನಾಗುತ್ತಿದ್ದರು. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ.

ಎರಡನೇ ಭಾಗದಲ್ಲಿ ಇಬ್ಬರು ಪತ್ತೇದಾರರು. ಮೊದಲ ಭಾಗದ ಹಿರಿಯ, ಹೊಸದಾಗಿ ಬಂದ ಕಿರಿಯಳು. ಒಂದು ಅಧ್ಯಾಯ ಅವನದು, ಮುಂದಿನದು ಅವಳದು. ಇಬ್ಬರೂ ಒಂದೇ ಕಟ್ಟಡದಲ್ಲಿ ಸರಣಿ ಕೊಲೆಗಳನ್ನು ತನಿಖೆ ಮಾಡುತ್ತಾರೆ. ಎಲ್ಲ ಒಂದೇ ವಾರದಲ್ಲಿ ನಡೆಯುತ್ತಿದೆ ಎಂದು ಆಟಗಾರ ಅಂದುಕೊಳ್ಳುತ್ತಾನೆ. ಹಿರಿಯನ ಅಧ್ಯಾಯದಲ್ಲಿ ಹೆಣವಾಗಿ ಬಿದ್ದಿದ್ದವನ ಕೋಣೆಯಿಂದ ಕಿರಿಯಳ ಅಧ್ಯಾಯದಲ್ಲಿ ದನಿ ಕೇಳುತ್ತದೆ. ಬೀಗ ಹಾಕಿದ್ದ ಬಾಗಿಲು ಗೋಡೆಯಾಗಿರುತ್ತದೆ. ತಲೆ ಕೆಡುತ್ತದೆ, ಅಲ್ವಾ? ಇದರ ಗುಟ್ಟು ಇಷ್ಟೇ: ಹಿರಿಯನ ಅಧ್ಯಾಯಗಳು ಐದು ವರ್ಷ ಹಿಂದಿನವು. ಕೊನೆಗೆ ಇದು ಬಯಲಾಗುತ್ತದೆ.

ಕೇಳಲು ಸೊಗಸಾಗಿದೆ. ಮೊದಲ ಕರಡು ಓದಿದಾಗ ತಂಡದವರೆಲ್ಲ ಕುಣಿದಾಡಿದ್ದರಂತೆ. ಆ ಕರಡನ್ನು ನಾನೂ ಆಮೇಲೆ ಓದಿದೆ. ಅದು ನಿಜಕ್ಕೂ ಒಳ್ಳೆಯದಿತ್ತು, ಯಾಕೆಂದರೆ ಅದರಲ್ಲಿ ದಾಖಲೆ ಕೋಣೆ ಇತ್ತು.

ದಾಖಲೆ ಕೋಣೆ

ಮೊದಲ ಕರಡಿನಲ್ಲಿ ಹಿರಿಯನ ಅಧ್ಯಾಯಗಳು ಸುಮ್ಮನೆ ಬಂದು ಬೀಳುತ್ತಿರಲಿಲ್ಲ. ಕಿರಿಯಳು ಪ್ರತಿ ರಾತ್ರಿ ದಾಖಲೆ ಕೋಣೆಗೆ ಹೋಗಿ, ಹಿರಿಯ ಬರೆದಿಟ್ಟ ತನಿಖೆಯ ಫೈಲ್ ತೆರೆಯುತ್ತಾಳೆ. ಅವಳು ಓದುತ್ತಿದ್ದಂತೆ ಆಟಗಾರ ಹಿರಿಯನಾಗಿ ಆಡುತ್ತಾನೆ. ಆ ಫೈಲಿನ ತಾರೀಖುಗಳನ್ನು ಕೊಲೆಗಾರ ತಿದ್ದಿರುತ್ತಾನೆ. ಹಳೆಯ ಕೊಲೆಗಳು ಈ ವಾರದವು ಎಂದು ಕಿರಿಯಳು ನಂಬಬೇಕು, ಹಿರಿಯ ಇಲ್ಲೇ ಎಲ್ಲೋ ಇದ್ದಾನೆ, ತನ್ನ ಕಣ್ಣಿಗೆ ಬೀಳುತ್ತಿಲ್ಲ ಅಷ್ಟೇ ಅಂದುಕೊಳ್ಳಬೇಕು ಎಂಬುದು ಅವನ ಸಂಚು. ತಿದ್ದಿದ ಅಂಕಿಯ ಶಾಯಿ ಬೇರೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ.

ಅಂದರೆ ಅಲ್ಲಿ ಒಬ್ಬ ಮೋಸ ಮಾಡುತ್ತಿದ್ದ. ಅವನಿಗೆ ಅದರಿಂದ ಲಾಭವಿತ್ತು. ಮೋಸ ಹೋದವಳು ಪತ್ತೇದಾರಿ. ಆಟಗಾರ ಅವಳ ಜೊತೆಗೇ ಮೋಸ ಹೋಗುತ್ತಿದ್ದ, ಅವಳಿಗಿಂತ ಮೊದಲೇ ಎಚ್ಚೆತ್ತುಕೊಳ್ಳುವ ಅವಕಾಶವೂ ಅವನಿಗಿತ್ತು.

ಕೆಲಸ ಹಿಂದೆ ಬಿತ್ತು. ಒಂದು ಜಾಗವನ್ನಾದರೂ ಕೈಬಿಡಬೇಕು ಎಂದಾಯಿತು. ದಾಖಲೆ ಕೋಣೆಯಲ್ಲಿ ಕೊಲೆ ನಡೆಯುವುದಿಲ್ಲ, ಓಡಾಟ ಇಲ್ಲ, ಬರೀ ಓದುವುದು. ಚಿತ್ರ ಬರೆಯುವವರಿಗೂ ಅದು ನೀರಸ ಅನ್ನಿಸಿತ್ತು. ಪಟ್ಟಿಯಿಂದ ಅದು ಹೋಯಿತು. ‘ಫೈಲ್ ತೆರೆಯದಿದ್ದರೂ ಅಧ್ಯಾಯ ಬದಲಾಗುತ್ತದಲ್ಲ, ಟ್ವಿಸ್ಟಿಗೆ ಏನೂ ಆಗುವುದಿಲ್ಲ’ ಎಂದು ನಿರ್ದೇಶಕರು ಹೇಳಿದರು. ಎಲ್ಲರೂ ಒಪ್ಪಿದರು. ಪ್ರಕರಣದ ನಿಜವಾದ ತಿರುವು ಇದು. ಅವತ್ತು ಯಾರಿಗೂ ಇದು ದೊಡ್ಡ ತೀರ್ಮಾನ ಅನ್ನಿಸಲಿಲ್ಲ.

ಕೋಣೆಯ ಜೊತೆ ಕೊಲೆಗಾರನ ಮೋಸವೂ ಹೋಯಿತು. ಈಗ ಹಿರಿಯನಿಗೆ ತಾನಿರುವ ವರ್ಷ ಗೊತ್ತು. ಕಿರಿಯಳಿಗೂ ಗೊತ್ತು. ಕೊಲೆಗಾರ ಯಾರ ಕಣ್ಣಿಗೂ ಮಣ್ಣೆರಚಿಲ್ಲ. ಗೊತ್ತಿಲ್ಲದವನು ಆಟಗಾರ ಒಬ್ಬನೇ. ಅವನಿಂದ ಮುಚ್ಚಿಟ್ಟದ್ದು ಆಟದ ಮೆನು. ಎಲ್ಲ ಅಧ್ಯಾಯಗಳನ್ನೂ ಒಂದೇ ಗೆರೆಯ ಮೇಲೆ ಜೋಡಿಸಿ ‘ಒಂದನೇ ದಿನ’, ‘ಎರಡನೇ ದಿನ’ ಎಂದು ಬರೆದದ್ದು ಆ ಮೆನುವೇ.

ಪತ್ತೇದಾರಿ ಕಥೆಗಾರರು ಇದರ ಬಗ್ಗೆ ಬಹಳ ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕಥೆಗೆ 20 ನಿಯಮ ಬರೆದಾಗ ಎರಡನೆಯದೇ ಇದು: ಅಪರಾಧಿ ಪತ್ತೇದಾರನ ಮೇಲೆ ಮಾಡುವ ಮೋಸ ಬಿಟ್ಟು, ಓದುಗನ ಮೇಲೆ ಬೇಕೆಂದೇ ಬೇರೆ ಮೋಸ ಮಾಡುವಂತಿಲ್ಲ. ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಕೊಟ್ಟ 10 ನಿಯಮಗಳಲ್ಲೂ, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗನಿಗೂ ಕಾಣಬೇಕು ಎಂಬುದಿದೆ. ಈ ನಿಯಮಗಳನ್ನು ಮುರಿದು ಗೆದ್ದ ಕಾದಂಬರಿಗಳೂ ಇವೆ. ಆದರೆ ಕಾದಂಬರಿಗೂ ಆಟಕ್ಕೂ ಒಂದು ವ್ಯತ್ಯಾಸ ಇದೆ. ಕಾದಂಬರಿಯಲ್ಲಿ ಪತ್ತೇದಾರನನ್ನು ನಾವು ಹೊರಗಿನಿಂದ ನೋಡುತ್ತೇವೆ. ಆಟದಲ್ಲಿ ಅವನ ಕೈಕಾಲು ನಾವೇ. ಅವನು ಗೋಡೆಯ ಕ್ಯಾಲೆಂಡರಿನ ಮುಂದೆ ದಿನಕ್ಕೆ ನಾಲ್ಕು ಸಲ ಓಡಾಡುತ್ತಾನೆ, ಅದನ್ನು ನೋಡುವ ಬಟನ್ ಮಾತ್ರ ನಮಗಿಲ್ಲ ಎಂದಾದರೆ ಸಂಕಟವಾಗುತ್ತದೆ.

ಆಟಗಾರನಿಗೂ ಪಾತ್ರಕ್ಕೂ ತಲೆ ಹೊಂದದಿದ್ದರೆ ಏನಾಗುತ್ತದೆ ಎಂದು 2011ರ ‘ಎಲ್.ಎ. ನ್ವಾರ್’ ತೋರಿಸಿತ್ತು. ವಿಚಾರಣೆಯಲ್ಲಿ ‘ಅನುಮಾನ’ ಎಂಬ ಬಟನ್ ಒತ್ತಿದರೆ ನಾಯಕ ಇದ್ದಕ್ಕಿದ್ದಂತೆ ಸಾಕ್ಷಿಯ ಮೇಲೆ ರೇಗಿಬಿಡುತ್ತಿದ್ದ. ಆಟಗಾರರು ಬೆಚ್ಚಿಬೀಳುತ್ತಿದ್ದರು. 2017ರಲ್ಲಿ ಆ ಆಟ ಮತ್ತೆ ಬಂದಾಗ ಬಟನ್‌ಗಳ ಹೆಸರನ್ನೇ ಬದಲಾಯಿಸಿದರು. ಅಲ್ಲಿ ತಪ್ಪಿದ್ದು ಒಂದು ಪದ, ಅದನ್ನು ತಿದ್ದಬಹುದಿತ್ತು. ಇಲ್ಲಿ ಕಥೆಯ ಬುನಾದಿಯೇ ತಪ್ಪಿತ್ತು.

ನೋಟ್‌ಬುಕ್ಕಿನಿಂದ ಹೋದ ಸಾಲು

ಟ್ವಿಸ್ಟ್ ಉಳಿಯಬೇಕಾದರೆ ಆಟಗಾರನಿಗೆ ತಾರೀಖು ಸಿಗಬಾರದು. ಹಾಗಾಗಿ ನೋಟ್‌ಬುಕ್ಕಿನಿಂದ ತಾರೀಖು, ಗಂಟೆಯ ಸಾಲು ತೆಗೆದುಹಾಕಿದರು. ಮೊದಲ ಭಾಗದಲ್ಲಿ ಆಟಗಾರರು ಅತಿ ಹೆಚ್ಚು ಬಳಸಿದ್ದೇ ಆ ಸಾಲು.

ಪ್ಲೇಟೆಸ್ಟಿಗೆ ಬಂದ ಹಳಬರು ನೋಟ್‌ಬುಕ್ ತೆರೆದ ಕೂಡಲೇ ಅದನ್ನು ಗಮನಿಸಿದರು. ಒಬ್ಬರು ‘ಟೈಮ್ ಎಲ್ಲಿ?’ ಎಂದು ನನ್ನ ಕಡೆ ತಿರುಗಿದರು. ಉತ್ತರ ಕೊಡುವ ಹಾಗಿಲ್ಲ, ಬರೆದುಕೊಂಡೆ. ಅವರು ಚೀಲದಿಂದ ಹಾಳೆ ತೆಗೆದು ತಾವೇ ಪಟ್ಟಿ ಹಾಕತೊಡಗಿದರು. ಎಡಗಡೆ ಹೆಸರು, ಮೇಲುಗಡೆ ದಿನ. ಮೂರನೇ ಅಧ್ಯಾಯದ ಹೊತ್ತಿಗೆ ಒಬ್ಬನೇ ಮನುಷ್ಯ ಎರಡು ಕಡೆ ಇರಬೇಕಾಗಿ ಬಂತು. ಅವಳಿ ಇರಬಹುದು ಎಂದು ಬರೆದರು. ಹೊಡೆದುಹಾಕಿದರು. ವೇಷ ಹಾಕಿರಬಹುದು ಎಂದು ಬರೆದರು. ಅದನ್ನೂ ಹೊಡೆದುಹಾಕಿದರು. ಅವರ ತರ್ಕದಲ್ಲಿ ಏನೂ ತಪ್ಪಿರಲಿಲ್ಲ. ಮೇಲುಗಡೆ ಬರೆದ ದಿನಗಳು ತಪ್ಪಾಗಿದ್ದವು, ಅವನ್ನು ಕೊಟ್ಟದ್ದು ಮೆನು. ಕೊನೆಯಲ್ಲಿ ಗುಟ್ಟು ಬಯಲಾದಾಗ ಅವರು ಆ ಹಾಳೆಯನ್ನೇ ನೋಡುತ್ತಾ ಕೂತಿದ್ದರು. ‘ಇದಕ್ಕೆ ನಾನು ಏನು ಮಾಡಬೇಕಿತ್ತು?’ ಎಂದರು. ಈ ಪ್ರಕರಣದಲ್ಲಿ ನಾನು ಕೇಳಿದ ಅತಿ ಸರಿಯಾದ ಪ್ರಶ್ನೆ ಅದು.

ಹೊಸ ಆಟಗಾರರು ಹಾಳೆಯನ್ನೂ ಹಾಕಲಿಲ್ಲ. ಎಲ್ಲಿ ಹಿಡಿಯಬೇಕು ಎಂದೇ ತಿಳಿಯದೆ ನಿಂತುಬಿಟ್ಟರು. ಜನ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ ಎಂಬ ವರದಿ ಹೋಯಿತು. ಸಾಧನ ಕಿತ್ತುಕೊಂಡಿದ್ದರಿಂದ ಸಿಕ್ಕಿಹಾಕಿಕೊಂಡವರಿಗೆ ತಂಡ ಸುಲಭದ ದಾರಿ ಮಾಡಿಕೊಟ್ಟಿತು. ಮುಖ್ಯವಾದ ಮಾತುಗಳು ಹಳದಿ ಬಣ್ಣದಲ್ಲಿ ಹೊಳೆಯತೊಡಗಿದವು. ಎರಡು ಹಳದಿ ಮಾತುಗಳನ್ನು ಜೋಡಿಸಿದರೆ ಪತ್ತೇದಾರನೇ ತೀರ್ಮಾನ ಹೇಳಿಬಿಡುತ್ತಿದ್ದ. ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಹಾಕಿದರೆ ಸಾಕು, ಸರಿ ಇದ್ದರೆ ಅಲ್ಲೇ ಹಸಿರು ಗುರುತು.

ಆಮೇಲೆ ಯಾರೂ ಸಿಕ್ಕಿಹಾಕಿಕೊಳ್ಳಲಿಲ್ಲ. ಪಟ್ಟಿಯ ಮೇಲಿನಿಂದ ಒಂದೊಂದೇ ಹೆಸರು ಹಾಕುತ್ತಾ, ಹಸಿರು ಬರುವವರೆಗೂ ಒತ್ತುತ್ತಾ ಹೋದರು. ಒಬ್ಬರು ಇದನ್ನು ಮಾಡುತ್ತಲೇ ಪಕ್ಕದವರ ಜೊತೆ ಬೇರೆ ಏನೋ ಮಾತಾಡುತ್ತಿದ್ದರು. ಆಟ ಮುಗಿಸಿದವರ ಸಂಖ್ಯೆ ಏರಿತು. ತಂಡಕ್ಕೆ ನೆಮ್ಮದಿಯಾಯಿತು. ಮೌನವಾಗಿ ಕಾಯುತ್ತಿದ್ದ ಮೊದಲ ಭಾಗಕ್ಕೂ ಇದಕ್ಕೂ ಈಗ ಯಾವ ಹೋಲಿಕೆಯೂ ಉಳಿದಿರಲಿಲ್ಲ. ಇದೆಲ್ಲ ಒಂದರ ಹಿಂದೆ ಒಂದು ಬಂದದ್ದು: ಕೋಣೆ ಹೋಯಿತು, ಟ್ವಿಸ್ಟ್ ಕಾಯಲು ತಾರೀಖು ಹೋಯಿತು, ತಾರೀಖು ಹೋದದ್ದಕ್ಕೆ ತರ್ಕ ಹೋಯಿತು, ತರ್ಕದ ಜಾಗಕ್ಕೆ ಹಳದಿ ಬಂತು. ಪ್ರತಿ ಹೆಜ್ಜೆಯೂ ಅದರ ಹಿಂದಿನ ಹೆಜ್ಜೆಗೆ ಪರಿಹಾರವಾಗಿತ್ತು. ಹಾಗಾಗಿ ಯಾವ ಹೆಜ್ಜೆಯೂ ತಪ್ಪು ಅನ್ನಿಸಲಿಲ್ಲ.

ಕಿರುಬೆರಳು

ಐದು ವರ್ಷದ ಗುಟ್ಟಿಗೆ ಸುಳಿವೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಇತ್ತು, ಚೆನ್ನಾಗಿಯೂ ಇತ್ತು. ಕಟ್ಟಡದ ಕಾವಲುಗಾರನಿಗೆ ಕಿರಿಯಳ ಅಧ್ಯಾಯಗಳಲ್ಲಿ ಎಡಗೈ ಕಿರುಬೆರಳಿನ ತುದಿ ಇಲ್ಲ. ಹಿರಿಯನ ಅಧ್ಯಾಯಗಳಲ್ಲಿ ಇದೆ. ನಡುವೆ ಯಾವಾಗಲೋ ಅದನ್ನು ಕಳೆದುಕೊಂಡಿದ್ದಾನೆ. ಈ ಒಂದು ಎಳೆ ಹಿಡಿದರೆ ಯಾವ ಅಧ್ಯಾಯ ಮೊದಲು, ಯಾವುದು ಆಮೇಲೆ ಎಂದು ತಿಳಿಯುತ್ತದೆ.

ಪ್ಲೇಟೆಸ್ಟಿನಲ್ಲಿ ಒಬ್ಬಳು ಹುಡುಗಿ ಇದನ್ನು ಹಿಡಿದಳು. ಆಟ ನಿಲ್ಲಿಸಿದಳು. ಮೊದಲು ಉಳಿಸಿಟ್ಟಿದ್ದ ಹಂತಕ್ಕೆ (ಸೇವ್) ವಾಪಸ್ ಹೋದಳು. ಅವನು ಬೀಗದ ಕೈ ಕೊಡುವ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಮತ್ತೆ ಮುಂದಿನದಕ್ಕೆ ಬಂದಳು. ನನಗೆ ಉಸಿರು ಬಿಗಿಹಿಡಿದಂತಾಯಿತು. ಆಮೇಲೆ ಅವಳು ಪಕ್ಕದಲ್ಲಿದ್ದ ಬಗ್ ಫಾರಂ, ಅಂದರೆ ಆಟದ ದೋಷಗಳನ್ನು ಬರೆದುಕೊಡುವ ಹಾಳೆ, ತೆಗೆದುಕೊಂಡು ‘ಕಾವಲುಗಾರನ ಎಡಗೈ ಚಿತ್ರ ಸರಿ ಇಲ್ಲ, ಬೆರಳು ಅರ್ಧ ಇದೆ’ ಎಂದು ಬರೆದಳು. ಆಟ ಮುಂದುವರಿಸಿದಳು.

ಅವಳು ಹಾಗೆ ಅಂದುಕೊಳ್ಳಲು ಕಾರಣವಿತ್ತು. ಆಟದ ಪಾತ್ರಗಳು ಎರಡು ಆಯಾಮದ ಚಿತ್ರಗಳು. ಪಾತ್ರ ಎಡಕ್ಕೆ ತಿರುಗಬೇಕಾದರೆ ಹೊಸ ಚಿತ್ರ ಬರೆಯುವುದಿಲ್ಲ, ಇರುವ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸುತ್ತಾರೆ. ಬಹಳ ಆಟಗಳಲ್ಲಿ ಹೀಗೇ ಮಾಡುವುದು, ಕೆಲಸ ಅರ್ಧ ಉಳಿಯುತ್ತದೆ. ಆದರೆ ಹೀಗೆ ತಿರುಗಿಸಿದಾಗ ಬಲಗೈ ಗಡಿಯಾರ ಎಡಗೈಗೆ ಬರುತ್ತದೆ. ಕೋಟಿನ ಜೇಬು ಪಕ್ಕ ಬದಲಿಸುತ್ತದೆ. ಅವಳು ಬೆಳಗ್ಗೆಯಿಂದ ಇಂಥದ್ದನ್ನೇ ನೋಡುತ್ತಾ, ಬಗ್ ಎಂದು ಬರೆಯುತ್ತಾ ಬಂದಿದ್ದಳು. ಅವೆಲ್ಲ ನಿಜವಾಗಿ ಬಗ್‌ಗಳೇ ಆಗಿದ್ದವು. ಬೆರಳು ಮಾತ್ರ ಸುಳಿವಾಗಿತ್ತು. ಎರಡನ್ನೂ ಬೇರೆ ಮಾಡಿ ನೋಡಲು ಅವಳಿಗೆ ದಾರಿಯೇ ಇರಲಿಲ್ಲ.

ಬೇರೆ ಬಗೆಯ ಆಟದಲ್ಲಿ ಗಡಿಯಾರ ಕೈ ಬದಲಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪತ್ತೇದಾರಿ ಆಟದಲ್ಲಿ ಮಾತ್ರ ಅಂಥ ಪ್ರತಿ ತಪ್ಪೂ ಒಂದು ಸುಳ್ಳು ಸಾಕ್ಷಿ. ನಾಲ್ಕು ಸಲ ಹೀಗಾದರೆ ಆಟಗಾರ ತನ್ನ ಕಣ್ಣನ್ನು ನಂಬುವುದು ಬಿಡುತ್ತಾನೆ. ಆಮೇಲೆ ನೀವು ಎಷ್ಟೇ ಜಾಣತನದಿಂದ ಸುಳಿವು ಇಟ್ಟರೂ ಅದು ಬಗ್ ಪಟ್ಟಿಗೆ ಸೇರುತ್ತದೆ.

ಆ ಫಾರಂ ತಂಡಕ್ಕೆ ತಲುಪಿತು. ‘ಇದು ಬಗ್ ಅಲ್ಲ’ ಎಂದು ಗುರುತು ಹಾಕಿ ಮುಚ್ಚಿದರು. ಸಭೆಯಲ್ಲಿ ಇದನ್ನು ಒಳ್ಳೆಯ ಸುದ್ದಿ ಎಂದು ತೆಗೆದುಕೊಂಡರು: ಆಟಗಾರರಿಗೆ ಬೆರಳು ಕಾಣುತ್ತಿದೆ, ಅಂದರೆ ಸುಳಿವು ನ್ಯಾಯವಾಗಿದೆ. ಕಾಣುವುದು ಬೇರೆ, ಕಂಡದ್ದನ್ನು ಬಳಸುವುದು ಬೇರೆ ಎಂದು ಕಥೆ ಬರೆದಾಕೆ ವಾದಿಸಿದರು. ನನಗೂ ಹಾಗೇ ಅನ್ನಿಸಿತ್ತು, ಟಿಪ್ಪಣಿಯಲ್ಲಿ ಬರೆದಿದ್ದೆ. ಆದರೆ ಆಟದ ಕೊನೆಗೆ ಕೊಡುತ್ತಿದ್ದ ಪ್ರಶ್ನೆಪಟ್ಟಿಯಲ್ಲಿ ಇದ್ದದ್ದು ‘ಕಥೆ ಅರ್ಥವಾಯಿತೇ?’, ‘ಕೊನೆಯ ತಿರುವು ಅಚ್ಚರಿ ತಂದಿತೇ?’ ಎಂಬ ಪ್ರಶ್ನೆಗಳು. ಹೆಚ್ಚುಕಡಿಮೆ ಎಲ್ಲರೂ ಹೌದು ಎಂದಿದ್ದರು. ಅಚ್ಚರಿ ಆಗದೆ ಇರುತ್ತದೆಯೇ? ಗುಟ್ಟು ಬಯಲಾಗುವ ಮುಂಚೆ ನಿಮ್ಮ ಅನುಮಾನ ಯಾರ ಮೇಲಿತ್ತು, ಯಾಕೆ ಎಂಬ ಪ್ರಶ್ನೆ ಕೊನೆಯ ಸುತ್ತಿನಲ್ಲಿ ಸೇರಿತು. ಬಹಳ ಜನ ಆ ಜಾಗ ಖಾಲಿ ಬಿಟ್ಟರು. ಆ ಹೊತ್ತಿಗೆ ದನಿ ಮುದ್ರಣ ಮುಗಿದಿತ್ತು. ಪೂರ್ತಿ ದನಿ ಇರುವ ಆಟದಲ್ಲಿ ಒಮ್ಮೆ ಮುದ್ರಣವಾದ ಮೇಲೆ ಕಥೆ ಕಲ್ಲಾಗುತ್ತದೆ. ಒಂದು ಸಾಲು ಬದಲಿಸಬೇಕಾದರೂ ನಟರನ್ನು ಮತ್ತೆ ಕರೆಸಬೇಕು.

ಬಿಡುಗಡೆಯ ನಂತರ

ಮೊದಲ ದಿನಗಳಲ್ಲಿ ಹೊಗಳಿಕೆಯೇ ಇತ್ತು. ಚಿತ್ರ, ಸಂಗೀತ, ದನಿ ಎಲ್ಲವೂ ಮೊದಲ ಭಾಗಕ್ಕಿಂತ ಮೇಲು. ಜನ ಕೊನೆ ಮುಟ್ಟಲು ಶುರುವಾದ ಮೇಲೆ ಮಾತು ಬದಲಾಯಿತು. ‘ಮೋಸ’ ಎಂಬ ಮಾತು ಎಲ್ಲ ಕಡೆ ಬಂತು. ‘ಯೋಚನೆ ಮಾಡಿದ್ದೆಲ್ಲ ದಂಡ’ ಎಂಬುದೂ ಬಂತು.

ತಂಡದೊಳಗೆ ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಓದಿದರು. ಜನರಿಗೆ ಹಳೆಯ ನಾಯಕನೇ ಪೂರ್ತಿ ಬೇಕಿತ್ತು ಎಂದು ಒಬ್ಬರು. ಟ್ವಿಸ್ಟ್ ಅರ್ಥವಾಗಿಲ್ಲ ಎಂದು ಇನ್ನೊಬ್ಬರು. ಸುಲಭವಾಯಿತು, ಅದಕ್ಕೆ ಸಿಟ್ಟು ಎಂದು ಮತ್ತೊಬ್ಬರು. ಮೂರರಲ್ಲೂ ಸ್ವಲ್ಪ ನಿಜ ಇತ್ತು. ಅದಕ್ಕೇ ಮೂರಕ್ಕೂ ಒಂದೊಂದು ರಿಪೇರಿ ಬಂತು.

ಮೊದಲ ಅಪ್‌ಡೇಟಿನಲ್ಲಿ ಹಳದಿ ಬಣ್ಣ ಮತ್ತು ಹಸಿರು ಗುರುತನ್ನು ಆಫ್ ಮಾಡುವ ಆಯ್ಕೆ ಕೊಟ್ಟರು. ಒಳ್ಳೆಯದೇ. ಆದರೆ ತಾರೀಖಿನ ಸಾಲು ಇಲ್ಲದೆ ಹಳದಿಯೂ ಇಲ್ಲದಿದ್ದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬಹಳ ಜನ ಆಫ್ ಮಾಡಿ, ಸ್ವಲ್ಪ ಹೊತ್ತಿಗೆ ಮತ್ತೆ ಆನ್ ಮಾಡಿಕೊಂಡರು. ಎರಡನೇ ಅಪ್‌ಡೇಟಿನಲ್ಲಿ ‘ಮೊದಲ ಭಾಗ ಆಡಿದ್ದೀರಾ?’ ಎಂದು ಶುರುವಿನಲ್ಲೇ ಕೇಳಿ, ಹೌದು ಎಂದವರಿಗೆ ಕೆಲವು ಸಂಭಾಷಣೆ ಬೇರೆ ತೋರಿಸಿದರು. ನರ್ಸ್ ಈಗ ತಮ್ಮನ ಹೆಸರು ಹೇಳುತ್ತಿದ್ದಳು. ಆದರೆ ನಟರನ್ನು ಕರೆಸಲು ಆಗಿರಲಿಲ್ಲ. ಸುತ್ತಲಿನ ಮಾತಿಗೆಲ್ಲ ದನಿ ಇದ್ದು, ಆ ಸಾಲುಗಳು ಮಾತ್ರ ಬರೀ ಅಕ್ಷರವಾಗಿ ಮೂಡುತ್ತಿದ್ದವು. ಷರತ್ತು ಹಾಕುವಾಗಲೇ ಈ ಒಂದು ಪ್ರಶ್ನೆ ಯೋಚಿಸಿದ್ದರೆ ಎರಡೂ ಬಗೆಯ ಸಾಲುಗಳನ್ನು ಒಟ್ಟಿಗೇ ಮುದ್ರಿಸಬಹುದಿತ್ತು.

ಮೂರನೆಯದು ಯಾರೂ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳದ ರಿಪೇರಿ. ಆಟ ಒಮ್ಮೆ ಮುಗಿಸಿದವರಿಗೆ, ಅಧ್ಯಾಯಗಳನ್ನು ವರ್ಷದ ಪ್ರಕಾರ ಜೋಡಿಸಿ ಆಡುವ ಆಯ್ಕೆ. ಮೊದಲು ಹಿರಿಯನ ಅಧ್ಯಾಯಗಳೆಲ್ಲ, ಆಮೇಲೆ ಕಿರಿಯಳವು. ಗುಟ್ಟು ಕಾಯುವ ಅಗತ್ಯ ಇಲ್ಲವಲ್ಲ, ಹಾಗಾಗಿ ನೋಟ್‌ಬುಕ್ಕಿಗೆ ತಾರೀಖು, ಗಂಟೆಯ ಸಾಲನ್ನೂ ವಾಪಸ್ ತಂದರು.

ಹಾಗೆ ಮತ್ತೆ ಆಡಿದವರ ಮಾತು ಓದಿ ತಂಡಕ್ಕೆ ದಿಗ್ಭ್ರಮೆಯಾಯಿತು. ಇದು ಒಳ್ಳೆಯ ಪತ್ತೇದಾರಿ ಆಟ, ಮೊದಲ ಸಲವೇ ಹೀಗೆ ಕೊಡಬಾರದಿತ್ತೇ ಎಂದು ಅವರು ಬರೆದಿದ್ದರು. ಕೊಲೆಗಾರ ಯಾರು ಎಂದು ಅವರಿಗೆ ಗೊತ್ತು. ಅಚ್ಚರಿಗೆ ಏನೂ ಉಳಿದಿಲ್ಲ. ಆದರೂ ಕಾವಲುಗಾರ ಯಾವ ವರ್ಷದಲ್ಲಿ ಏನನ್ನು ಕಂಡ, ಐದು ವರ್ಷ ಯಾಕೆ ಬಾಯಿ ಬಿಡಲಿಲ್ಲ, ಬಾಗಿಲು ಇದ್ದಲ್ಲಿ ಗೋಡೆ ಕಟ್ಟಿಸಿದವರು ಯಾರು ಎಂದು ಜೋಡಿಸುತ್ತಾ ಹೋಗುವುದರಲ್ಲಿ ಅವರಿಗೆ ಮೊದಲ ಭಾಗದ ಖುಷಿ ಸಿಕ್ಕಿತು. ಯಾವ ಟ್ವಿಸ್ಟ್ ಉಳಿಸಲು ಎಲ್ಲವನ್ನೂ ಬಲಿ ಕೊಟ್ಟಿದ್ದರೋ, ಅದನ್ನು ತೆಗೆದಾಗ ಅದೇ ಕಥೆ, ಅದೇ ಚಿತ್ರ, ಅದೇ ದನಿ ಮೇಲೆದ್ದು ನಿಂತಿತ್ತು. ಈ ಪ್ರಕರಣದಲ್ಲಿ ನನಗೆ ಸಿಕ್ಕ ಅತಿ ಗಟ್ಟಿ ಪುರಾವೆ ಇದು. ಆದರೆ ಪತ್ತೇದಾರಿ ಆಟವನ್ನು ಮೊದಲ ಸಲ ಆಡುವುದು ಒಂದೇ ಸಲ. ಸಿಟ್ಟಾಗಿ ಎದ್ದುಹೋದವರಲ್ಲಿ ಹೆಚ್ಚಿನವರು ಮತ್ತೆ ಆಡಲು ಬರಲೇ ಇಲ್ಲ.

ಈಗ ಹಿಂತಿರುಗಿ ನೋಡಿದಾಗ

ದಾಖಲೆ ಕೋಣೆಯನ್ನು ಬಿಡದೆ ಬೇರೆ ದಾರಿ ಇರಲಿಲ್ಲ ಎಂದು ನಿರ್ದೇಶಕರು ಈಗಲೂ ಹೇಳುತ್ತಾರೆ. ಕೋಣೆಯ ಮಟ್ಟಿಗೆ ಅದು ನಿಜ. ಹಿನ್ನೆಲೆ ಚಿತ್ರ, ಬೆಳಕು, ಓಡಾಟದ ದಾರಿ ಎಲ್ಲ ಸೇರಿದರೆ ವಾರಗಟ್ಟಲೆ ಕೆಲಸ. ಆದರೆ ಕಥೆಗೆ ಬೇಕಿದ್ದದ್ದು ಕೋಣೆಯಲ್ಲ. ಫೈಲ್ ಬೇಕಿತ್ತು. ಅದನ್ನು ಕಿರಿಯಳ ಮೇಜಿನ ಮೇಲೇ ಇಡಬಹುದಿತ್ತು. ಪ್ರತಿ ಅಧ್ಯಾಯದ ಕೊನೆಗೆ ಅವಳು ಅದರ ಒಂದು ಪುಟ ತಿರುಗಿಸುವ ಒಂದು ಚಿತ್ರ, ತಿದ್ದಿದ ಒಂದು ತಾರೀಖು, ಅವಳ ಒಂದು ಸಾಲು ಮಾತು. ನೋಟ್‌ಬುಕ್ಕಿನಲ್ಲಿ ತಾರೀಖಿನ ಸಾಲನ್ನೂ ಉಳಿಸಬಹುದಿತ್ತು. ಅದು ಫೈಲಿನಲ್ಲಿ ಇರುವುದನ್ನೇ ತೋರಿಸುತ್ತಿತ್ತು, ಸುಳ್ಳು ಕೊಲೆಗಾರನದಾಗಿರುತ್ತಿತ್ತು. ತಲೆ ಓಡಿಸುವ ಆಟಗಾರ ‘ಈ ತಾರೀಖನ್ನು ಯಾರು ಬರೆದರು?’ ಎಂದು ಕೇಳಿಕೊಳ್ಳುತ್ತಿದ್ದ. ಆಗ ಕಿರುಬೆರಳಿಗೂ ಬೆಲೆ ಬರುತ್ತಿತ್ತು. ಫೈಲ್ ಒಂದು ಹೇಳುತ್ತದೆ, ಬೆರಳು ಇನ್ನೊಂದು ಹೇಳುತ್ತದೆ, ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಎದುರಿಗೆ ಇರುತ್ತಿತ್ತು.

ಹಾಗಾಗಿ ಇಂಥ ಆಟ ಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು, ಏನನ್ನಾದರೂ ಕತ್ತರಿಸುವ ಮುಂಚೆ ಅದು ಕಥೆಯಲ್ಲಿ ಯಾರ ಮೋಸವನ್ನು ಹೊತ್ತಿದೆ ಎಂದು ನೋಡಿ ಅಂತ. ಆಟಗಾರನಿಗೆ ಗೊತ್ತಿಲ್ಲದ ಪ್ರತಿ ಸಂಗತಿಯ ಮುಂದೆ, ಅದನ್ನು ಮುಚ್ಚಿಟ್ಟ ಪಾತ್ರದ ಹೆಸರು ಬರೆಯಿರಿ. ಹೆಸರು ಸಿಗದಿದ್ದರೆ ಮುಚ್ಚಿಟ್ಟವರು ನೀವೇ. ಎಡ ಬಲ ತಿರುಗಿದಾಗ ಬದಲಾಗುವ ಗಡಿಯಾರ, ಜೇಬುಗಳನ್ನು ಸಣ್ಣ ಬಗ್ ಎಂದು ಪಟ್ಟಿಯ ಕೊನೆಗೆ ತಳ್ಳಬೇಡಿ ಅನ್ನುವುದನ್ನೂ ಸೇರಿಸುತ್ತೇನೆ. ಈ ಬಗೆಯ ಆಟಕ್ಕೆ ಅವು ಆಟ ಕ್ರ್ಯಾಶ್ ಆಗುವಷ್ಟೇ ದೊಡ್ಡವು.

ತಂಡ ಈಗ ಇನ್ನೊಂದು ಆಟ ಮಾಡುತ್ತಿದೆ. ಇದು ಮೂರನೇ ಭಾಗವಲ್ಲ, ಬೇರೆ ಪಾತ್ರಗಳ ಬೇರೆ ಕಥೆ. ಚಿತ್ರ ಬರೆಯುವ ಮುಂಚೆ ಎಲ್ಲ ಹೇಳಿಕೆ, ಸುಳಿವುಗಳನ್ನು ಕಾಗದದ ಮೇಲೆ ಮುದ್ರಿಸಿ, ಕಥೆ ಗೊತ್ತಿಲ್ಲದವರ ಮುಂದೆ ಪೆನ್ಸಿಲ್ ಸಮೇತ ಇಡುತ್ತಾರೆ. ಅವರು ತಮ್ಮ ತರ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು. ಉತ್ತರ ಸರಿಯೋ ತಪ್ಪೋ ಎಂದು ಆಮೇಲೆ ನೋಡುತ್ತಾರೆ. ತರ್ಕ ಎಲ್ಲಿ ಕಡಿದುಹೋಯಿತೋ ಆ ಜಾಗವನ್ನು ತಿದ್ದಿ, ಹೊಸಬರೊಬ್ಬರನ್ನು ಕರೆದು ಮತ್ತೆ ಕೂರಿಸುತ್ತಾರೆ. ದನಿ ಮುದ್ರಣ ಯಾವಾಗ ಎಂದು ಇನ್ನೂ ತೀರ್ಮಾನವಾಗಿಲ್ಲ.